ಫ್ಲಾಪಿಯೊಳಗಿನ ಸಾಲಾವಳಿ

ಗಂಡಸಾದವನು ಹೆದರಬೇಕಾದ ವಸ್ತುಗಳು ಲೋಕದಲ್ಲಿ ಬೇಕಾದಷ್ಟಿವೆ. ಹಾವು, ಬಿ.ಪಿ. ನೋಡುವ ಡಾಕ್ಟರು, ಹೆಂಡತಿಯ ತವರಿನ ಕಡೆಯ ಮದುವೆ. ಇವಕ್ಕೆಲ್ಲ ನಾನೂ ಎಲ್ಲರಷ್ಟೇ ಹೆದರುತ್ತೇನೆ, ಅದರಲ್ಲಿ ವಿಶೇಷವೇನಿಲ್ಲ. ಆದರೆ ನಮ್ಮ ತರೀಕೆರೆಯಲ್ಲಿ, ಬಹುಶಃ ಇಡೀ ಜಿಲ್ಲೆಯಲ್ಲಿ, ಐದೂಕಾಲು ಇಂಚಿನ ಒಂದು ಕಪ್ಪು ಫ್ಲಾಪಿಗೆ ಮೂವತ್ತು ವರ್ಷದಿಂದ ಹೆದರಿಕೊಂಡು ಸಂಸಾರ ಮಾಡಿದವನು ನಾನೊಬ್ಬನೇ ಇರಬೇಕು. (ಫ್ಲಾಪಿ ಎಂದರೇನೆಂದು ಈಗಿನವರು ಕೇಳಬಹುದು. ಹಳೇ ಕಾಲದ ಕಂಪ್ಯೂಟರು ತನ್ನ ನೆನಪನ್ನೆಲ್ಲ ಬರೆದಿಡುತ್ತಿದ್ದ ತೆಳ್ಳನೆಯ ಚೌಕ. ಚೌಕದ ಹಪ್ಪಳ ಎಂದುಕೊಳ್ಳಿ. ತಿನ್ನುವುದಕ್ಕೆ ಬರುವುದಿಲ್ಲ. ಬರುವ ಹಾಗಿದ್ದಿದ್ದರೆ ಎಂದೋ ತಿಂದು ನೀರು ಕುಡಿದಿರುತ್ತಿದ್ದೆ.)

ಹಾಗಾದರೆ ಅದನ್ನು ಮುರಿದು ಬಿಸಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಫ್ಲಾಪಿ ಇದ್ದದ್ದು ನನ್ನ ಹೆಂಡತಿ ಕೋಮಲಾಳ ಬೀರುವಿನಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ. ಬೀರುವಿನ ಕೀಲಿಕೈ ಇರುವುದು ಅವಳ ಸೊಂಟದಲ್ಲಿ. ಅಲ್ಲಿಂದ ಅದನ್ನು ಎಗರಿಸುವ ಧೈರ್ಯ ಇದ್ದವನು ಫ್ಲಾಪಿಗೇಕೆ ಹೆದರುತ್ತಾನೆ? ಸದ್ಯ, ಅದನ್ನು ಓದುವ ಕಂಪ್ಯೂಟರೇ ಈಗ ಭೂಮಿಯ ಮೇಲಿಲ್ಲ, ಇನ್ನು ಭಯವಿಲ್ಲ ಎಂದು ಇತ್ತೀಚೆಗೆ ನಾಲ್ಕು ತುತ್ತು ನೆಮ್ಮದಿಯಾಗಿ ಉಣ್ಣುತ್ತಿದ್ದೆ. ಅಷ್ಟರಲ್ಲಿ ಪ್ರಸನ್ನಕುಮಾರ್ ಬಂದ.

ಈತ ಕಡೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಮೇಷ್ಟ್ರು. ಇವನಂಥ ವಿನಯವಂತನನ್ನು ನಾನು ನೋಡಿಲ್ಲ. ಬಸ್‌ ಸ್ಟ್ಯಾಂಡಿನ ಪಕ್ಕದ ನನ್ನ ಝೆರಾಕ್ಸ್ ಅಂಗಡಿಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು ನಿಂತ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ವ್ಯಾಪಾರಸ್ಥರಿಗೆ ಟೆಲಿಫೋನು ಹೇಗೆ ಬಂತು, ಮೊದಮೊದಲ ಕಂಪ್ಯೂಟರುಗಳು ಯಾರ ಅಂಗಡಿಯಲ್ಲಿದ್ದವು ಎಂದು ಚರಿತ್ರೆ ಬರೆಯುತ್ತಿದ್ದಾನಂತೆ. "ಸರ್, ತರೀಕೆರೆಯಲ್ಲಿ ಯಾರನ್ನ ಕೇಳಿದ್ರೂ ನಿಮ್ಮ ಹೆಸರೇ ಹೇಳ್ತಾರೆ" ಎಂದ. ಈ ಮಾತಿಗೆ ನಾನು ಉಬ್ಬಿಹೋದೆ. ಊಟದ ಹೊತ್ತಾಗಿತ್ತು, ನೇರವಾಗಿ ಮನೆಗೇ ಕರೆದುಕೊಂಡು ಹೋದೆ. ನನ್ನ ಗೋರಿಯನ್ನು ನಾನೇ ತೋಡಿಕೊಂಡದ್ದು ಹೀಗೆ.

ಚರಿತ್ರೆಯನ್ನು ನಾನು ಟ್ರಂಕ್ ಕಾಲಿನಿಂದ ಆರಂಭಿಸಿದೆ. ಬೆಳಿಗ್ಗೆ ಕರೆ ಬುಕ್ ಮಾಡಿ, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತು, ಲೈನು ಸಿಕ್ಕ ಕೂಡಲೇ ಜನ ಕೂಗುತ್ತಿದ್ದ ಕೂಗಿಗೆ ಟೆಲಿಫೋನು ಇಲ್ಲದಿದ್ದರೂ ಬೆಂಗಳೂರಿಗೆ ಕೇಳಿಸುತ್ತಿತ್ತು. ಆಮೇಲೆ ಬಂದದ್ದು ನನ್ನ ಎಸ್‌ಟಿಡಿ ಬೂತು. ಗಾಜಿನ ಬಾಗಿಲಿನ ಕೋಣೆ, ಕೆಂಪು ಅಂಕಿ ಓಡುವ ಮೀಟರು. ಸ್ವಂತ ಫೋನಿಲ್ಲದ ವ್ಯಾಪಾರಿಗಳೆಲ್ಲ ತಮ್ಮ ಬಿಲ್ ಪುಸ್ತಕದ ಮೇಲೆ ನನ್ನ ಬೂತಿನ ನಂಬರನ್ನೇ ಅಚ್ಚು ಹಾಕಿಸಿಕೊಂಡಿದ್ದರು.

"ಒಟ್ಟು ಹದಿನೇಳು ಅಂಗಡಿ ಪ್ರಸನ್ನಕುಮಾರ್. ಎಲ್ಲದಕ್ಕೂ ಒಂದೇ ಫೋನು. ಗಂಟೆ ಹೊಡೀತು ಅಂದ್ರೆ ನಾನು ತಗೊಂಡು, 'ಕೊಬ್ಬರಿ ಬೇಕಾ, ಸಿಮೆಂಟ್ ಬೇಕಾ, ಸೀರೆ ಬೇಕಾ' ಅಂತ ಕೇಳೋದು. ಸಿಮೆಂಟ್ ಅಂದ್ರೆ ಎದುರುಗಡೆ ಅಂಗಡಿಗೆ ಕೂಗೋದು. ಈಗ ದೊಡ್ಡ ಕಂಪನಿಗೆ ಫೋನ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತಾರಲ್ಲ, ಅದನ್ನ ನಾನು ಆಗ್ಲೇ ಬಾಯಲ್ಲಿ ಮಾಡ್ತಿದ್ದೆ."

ಪ್ರಸನ್ನಕುಮಾರ್ ಭಕ್ತಿಯಿಂದ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. "ಕಂಪ್ಯೂಟರ್ ಯಾವಾಗ ತಂದ್ರಿ ಸರ್?"

"ತೊಂಬತ್ತಮೂರರಲ್ಲಿ" ಎಂದು ಉತ್ತರ ಕೊಟ್ಟವಳು ಕೋಮಲಾ. ಅವಳು ಮಜ್ಜಿಗೆ ಲೋಟ ಹಿಡಿದು ಅಡಿಗೆಮನೆಯಿಂದ ಬಂದಿದ್ದಳು. "ಕಂಪ್ಯೂಟರ್ ಜಾತಕ ಅಂತ ಬೋರ್ಡ್ ಹಾಕಿದ್ರು. ಜನ ಬಂದು ಕೈಕಾಲು ತೊಳ್ಕೊಂಡು ಒಳಗೆ ಹೋಗೋರು. ನಮ್ಮ ಸಾಲಾವಳಿನೂ ಅದ್ರಲ್ಲೇ ನೋಡಿದ್ದು. ಮೂವತ್ತಾರಕ್ಕೆ ಮೂವತ್ಮೂರು ಗುಣ. ಅಲ್ನೋಡಿ."

ಅಲ್ಲಿ, ಗೋಡೆಯ ಮೇಲೆ, ದೇವರ ಪಟಗಳ ಸಾಲಿನಲ್ಲಿಯೇ ಕಟ್ಟು ಹಾಕಿಸಿದ ಆ ಪ್ರಿಂಟು ತೂಗುತ್ತಿತ್ತು. ಎರಡೂ ಅಂಚಿನಲ್ಲಿ ಸಾಲುಸಾಲು ತೂತಿರುವ ಹಳೇ ಕಾಲದ ಕಾಗದ. ಶಾಯಿ ಮಾಸಿ ಮಾಸಿ ಈಗ ಅದರಲ್ಲಿ ಏನಾದರೂ ಕಾಣಬೇಕಾದರೆ ನಂಬಿಕೆ ಬೇಕು. ಕೋಮಲಾಳಿಗೆ ಅದು ಧಾರಾಳವಾಗಿತ್ತು. ಅವಳ ಅಕ್ಕಂದಿರಿಬ್ಬರ ಮದುವೆಗೆ ಜೋಯಿಸರು ಪಂಚಾಂಗ ನೋಡಿ ಹೇಳಿದ್ದು ಒಬ್ಬಳಿಗೆ ಇಪ್ಪತ್ತೊಂದು, ಇನ್ನೊಬ್ಬಳಿಗೆ ಇಪ್ಪತ್ತನಾಲ್ಕು. ಇವಳದು ಕಂಪ್ಯೂಟರು ಹೇಳಿದ ಮೂವತ್ತಮೂರು. ಹಬ್ಬಕ್ಕೆ ಅಜ್ಜಂಪುರಕ್ಕೆ ಹೋದಾಗಲೆಲ್ಲ ಈ ಅಂಕಿಯನ್ನು ಒಡವೆಯ ಹಾಗೆ ಹಾಕಿಕೊಂಡು ಹೋಗುತ್ತಾಳೆ.

"ಅಯ್ಯೋ, ಮಾಸಿ ಹೋಗಿದೆಯಲ್ಲ ಮೇಡಂ" ಎಂದ ಪ್ರಸನ್ನಕುಮಾರ್. "ಇದರ ಫ್ಲಾಪಿ ಏನಾದ್ರೂ ಇದ್ಯಾ? ನಮ್ಮ ಕಾಲೇಜಲ್ಲಿ ಹಳೇ ಕಂಪ್ಯೂಟರ್ ಒಂದನ್ನ ರಿಪೇರಿ ಮಾಡಿ ಇಟ್ಟಿದ್ದೀನಿ. ಎಂಥಾ ಹಳೇ ಫ್ಲಾಪಿ ಆದ್ರೂ ಓದುತ್ತೆ. ಹೊಸ ಪ್ರಿಂಟ್ ತೆಗೆದುಕೊಡ್ತೀನಿ."

ನಾನು ಮಜ್ಜಿಗೆಯನ್ನು ಮೂಗಿಗೆ ಏರಿಸಿಕೊಂಡೆ. ಕೆಮ್ಮಿ ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಬೀರುವಿನ ಬಾಗಿಲು ಕಿರ್ರೆಂದಿತ್ತು. ಕಾಗದದ ಚೀಲದೊಳಗಿದ್ದ ಫ್ಲಾಪಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕೋಮಲಾ ಅವನ ಕೈಗಿಟ್ಟಳು. ಅಟ್ಟದ ಮೇಲಿದ್ದ ಇನ್ನೈದು ಫ್ಲಾಪಿಗಳನ್ನೂ ಇಳಿಸಿ ಕೊಟ್ಟಳು.

"ಬರೋ ತಿಂಗಳು ನಮ್ಮ ಮದುವೆಯಾಗಿ ಮೂವತ್ತೊಂದಕ್ಕೆ ಬೀಳುತ್ತೆ. ಚೆನ್ನಾಗಿ, ದೊಡ್ಡ ಅಕ್ಷರದಲ್ಲಿ ತೆಗೆದುಕೊಡಿ" ಎಂದಳು.

"ಅದೆಲ್ಲ ಯಾಕೆ ಕೋಮಲಾ, ಅವರಿಗೆ ತೊಂದ್ರೆ" ಎಂದೆ.

"ಸೇವೆ ಸರ್" ಎಂದ ಪ್ರಸನ್ನಕುಮಾರ್, ಚೀಲದ ಬಾಯಿ ಮುಚ್ಚುತ್ತ.

ಈಗ ನಿಮ್ಮಿಂದ ಮುಚ್ಚಿಡುವುದಿಲ್ಲ. ಆ ಮೂವತ್ತಮೂರು ಸುಳ್ಳು.

ಕೋಮಲಾಳ ಅಪ್ಪ ಮಲ್ಲಿಕಾರ್ಜುನಯ್ಯನವರು ಅಜ್ಜಂಪುರದಲ್ಲಿ ಈರುಳ್ಳಿ ವ್ಯಾಪಾರಿ. ತರೀಕೆರೆಗೆ ಬಂದಾಗಲೆಲ್ಲ ನನ್ನ ಬೂತಿನಿಂದ ಬೆಂಗಳೂರಿಗೆ ಫೋನ್ ಮಾಡಿ ಧಾರಣೆ ವಿಚಾರಿಸುತ್ತಿದ್ದರು. ಒಮ್ಮೆ ಮಗಳೂ ಜೊತೆಗೆ ಬಂದಿದ್ದಳು. ಅಪ್ಪ ಗಾಜಿನ ಕೋಣೆಯಲ್ಲಿ ಈರುಳ್ಳಿಗಾಗಿ ಕೂಗಾಡುತ್ತಿದ್ದರೆ ಮಗಳು ಹೊರಗೆ ನಿಂತು, "ಬಾಗಿಲು ಹಾಕಿದ್ರೂ ಇಷ್ಟು ಕೇಳುತ್ತಲ್ಲ, ತೆಗೆದಿದ್ರೆ ಏನು ಗತಿ" ಎಂದು ನಕ್ಕಳು. ಅಷ್ಟೇ. ನನ್ನ ಕಥೆ ಅಲ್ಲಿಗೆ ಮುಗಿಯಿತು. ಆರು ತಿಂಗಳ ನಂತರ ಸಂಬಂಧದ ಮಾತು ಅವರ ಕಡೆಯಿಂದಲೇ ಬಂದಾಗ ನಾನು ರಾತ್ರಿ ಹಗಲು ಶಿವನನ್ನು ನೆನೆದೆ. ಆದರೆ ಮಲ್ಲಿಕಾರ್ಜುನಯ್ಯನವರದು ಒಂದೇ ಷರತ್ತು. ಹಿರಿಯ ಹೆಣ್ಣುಮಕ್ಕಳ ಸಾಲಾವಳಿ ನೋಡಿದ ಜೋಯಿಸರ ಮೇಲೆ ಅವರಿಗೆ ಅಸಮಾಧಾನವಿತ್ತು.

"ಮನುಷ್ಯ ಮುಖ ನೋಡಿ ಹೇಳ್ತಾನೆ. ಮಷೀನು ಯಾರ ಮುಖಾನೂ ನೋಡಲ್ಲ" ಎಂದು, ಎರಡು ಹುಟ್ಟಿದ ದಿನ, ಎರಡು ಹುಟ್ಟಿದ ಹೊತ್ತು ಬರೆದ ಚೀಟಿ ಕೊಟ್ಟು, ನನ್ನೆದುರಿನ ಸ್ಟೂಲಿನ ಮೇಲೆ ಕೂತರು. ಅವರಿಗೆ ಕಂಪ್ಯೂಟರಿನ ಬೆನ್ನು ಕಾಣುತ್ತಿತ್ತು. ನನಗೆ ಮುಖ.

ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು. ಕೊನೆಗೆ ಒಟ್ಟು ಗುಣ: ಮೂವತ್ತಾರಕ್ಕೆ ಒಂಬತ್ತು. ಹದಿನೆಂಟಕ್ಕಿಂತ ಕಡಿಮೆ ಬಂದರೆ ಆ ಸಂಬಂಧ ಮಾಡಬಾರದು ಎಂದು ಕೆಳಗೆ ಇನ್ನೊಂದು ಸಾಲು ತಾನಾಗಿ ಬಂತು. ಕೇಳಿದವರ್ಯಾರು ಅದನ್ನ?

"ಏನಂತಪ್ಪಾ?" ಎಂದರು ಮಲ್ಲಿಕಾರ್ಜುನಯ್ಯನವರು.

"ಇನ್ನೂ ಯೋಚನೆ ಮಾಡ್ತಾ ಇದೆ" ಎಂದೆ. ಯೋಚನೆ ಮಾಡುತ್ತಿದ್ದದ್ದು ನಾನು. ಇನ್ನೊಂದು ಹಾಳೆ ತೆರೆದು, ಮೇಲಿನದನ್ನೆಲ್ಲ ಹಾಗೆಯೇ ಟೈಪ್ ಮಾಡಿ, ಒಂಬತ್ತಿದ್ದ ಕಡೆ ಮೂವತ್ತಮೂರು ಹಾಕಿ ಪ್ರಿಂಟ್ ಕೊಟ್ಟೆ. (ಮೂವತ್ತಾರಕ್ಕೆ ಮೂವತ್ತಾರು ಹಾಕಿದರೆ ಅನುಮಾನ ಬಂದೀತೆಂದು ಮೂರನ್ನು ಬಿಟ್ಟೆ. ಸುಳ್ಳಿನಲ್ಲೂ ಒಂದು ಮರ್ಯಾದೆ ಬೇಕು.) ಮಲ್ಲಿಕಾರ್ಜುನಯ್ಯನವರು ಕಾಗದವನ್ನು ಕಣ್ಣಿಗೊತ್ತಿಕೊಂಡರು.

ಆದರೆ ಕಂಪ್ಯೂಟರು ಕಂಡ ಮೊದಲಿನ ಒಂಬತ್ತು ಫ್ಲಾಪಿಯಲ್ಲೇ ಉಳಿಯಿತು. ಅದನ್ನು ಅಳಿಸುವುದು ಹೇಗೆಂದು ನನಗೆ ತಿಳಿದಿರಲಿಲ್ಲ. ಶಿವಮೊಗ್ಗದಲ್ಲಿ ಮೂರು ತಿಂಗಳ ಕೋರ್ಸಿಗೆ ಸೇರಿದ್ದೆ. ಎರಡು ತಿಂಗಳಲ್ಲಿ ಉಳಿಸಿಡುವುದನ್ನು ಕಲಿಸಿದರು. ಅಳಿಸುವುದು ಮೂರನೇ ತಿಂಗಳ ಪಾಠ. ಅಷ್ಟರಲ್ಲಿ ನನಗೆ ಕಾಮಾಲೆಯಾಗಿ ಊರಿಗೆ ಬಂದಿದ್ದೆ. ಮದುವೆಯಾದ ವಾರದಲ್ಲೇ ಕೋಮಲಾ, "ನಮ್ಮ ಸಾಲಾವಳಿ ಇರೋದು ಇದ್ರಲ್ಲೇ ಅಲ್ವಾ?" ಎಂದು ಕೇಳಿ, ಫ್ಲಾಪಿಯನ್ನು ಒಯ್ದು ಬೀರುವಿಗೆ ಸೇರಿಸಿದಳು.

ಪ್ರಸನ್ನಕುಮಾರ್ ಕಡೂರಿನ ಬಸ್ಸು ಹತ್ತಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನೇರ ಕಲ್ಲೇಶನ ಮನೆಗೆ ಹೋದೆ. ಕಲ್ಲೇಶ ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತನಾದವನು, ನನ್ನ ಬೂತಿಗೆ ತಂತಿ ಎಳೆದವನು, ಒಂಬತ್ತರ ಗುಟ್ಟು ತಿಳಿದ ಏಕೈಕ ನರಪ್ರಾಣಿ. ಎಲ್ಲವನ್ನೂ ಕೇಳಿ ಅವನು ಎಲೆಯಡಿಕೆ ಉಗಿದು ಬಂದ.

"ಲೇ ರಾಜ, ಆ ಮೇಷ್ಟ್ರಿಗೇ ಫೋನ್ ಹಚ್ಚಿ ಹೇಳ್ಬಿಡೋ. ಒಂಬತ್ತು ಕಂಡ್ರೂ ಮೂವತ್ಮೂರು ಅಂತ ಪ್ರಿಂಟ್ ಹಾಕು ಅಂತ. ನೀನು ಮಾಡಿದ್ದೇ ಅವ್ನೂ ಮಾಡ್ಲಿ."

ಸಲಹೆ ಚೆನ್ನಾಗಿತ್ತು. ಆದರೆ ಅವನ ಮೊಬೈಲ್ ಸ್ವಿಚ್ ಆಫ್. ಕಾಲೇಜಿನ ನಂಬರಿಗೆ ಮಾಡಿದೆ. ಒಂದು ಹೆಣ್ಣು ಧ್ವನಿ ಬಹಳ ಪ್ರೀತಿಯಿಂದ ಸ್ವಾಗತಿಸಿ, ಪ್ರವೇಶಕ್ಕೆ ಒಂದು, ಹಾಸ್ಟೆಲಿಗೆ ಎರಡು, ಪರೀಕ್ಷೆಗೆ ಮೂರು, ಹೀಗೆ ಎಂಟರವರೆಗೆ ಹೇಳಿ, "ಮೊದಲಿನಿಂದ ಕೇಳಲು ಒಂಬತ್ತನ್ನು ಒತ್ತಿ" ಎಂದಿತು. ಆ ಸಂಖ್ಯೆ ಕಿವಿಗೆ ಬಿದ್ದದ್ದೇ ಫೋನನ್ನು ಮಾರು ದೂರ ಹಿಡಿದೆ. ಹೆಂಡತಿಯಿಂದ ಪಾರಾಗಲು ಯಾವುದನ್ನು ಒತ್ತಬೇಕೆಂದು ಆ ಧ್ವನಿ ಹೇಳಲಿಲ್ಲ. ಅಂದಾಜಿನ ಮೇಲೆ ಐದು ಒತ್ತಿದೆ. ವೀಣೆ ಶುರುವಾಯಿತು. ಹದಿನೇಳು ಅಂಗಡಿಗೆ ಒಬ್ಬನೇ ಉತ್ತರ ಕೊಡುತ್ತಿದ್ದ ನನ್ನನ್ನು ಒಂದು ಕಾಲೇಜು ಹದಿನೈದು ನಿಮಿಷ ವೀಣೆ ಕೇಳಿಸಿ ಕೂರಿಸಿತು.

ಬೇಸತ್ತು ಫೋನ್ ಕಿವಿಯಲ್ಲಿಟ್ಟುಕೊಂಡೇ ಕಲ್ಲೇಶನಿಗೆ ಹೇಳಿದೆ: "ಒಂಬತ್ತೇ ಗುಣ ಅಂತ ಗೊತ್ತಾದ್ರೆ ಕೋಮಲಾ ಅಜ್ಜಂಪುರಕ್ಕೆ ಹೊರಟೇ ಹೋಗ್ತಾಳೆ ಕಣೋ. ನಾನು ಸುಳ್ಳು ಪ್ರಿಂಟ್ ಕೊಟ್ಟು ಮದುವೆ ಆದೆ ಅಂತ ಇಡೀ ಸೀಮೆಗೆ ಗೊತ್ತಾಗುತ್ತೆ."

ಆಗ ವೀಣೆ ನಿಂತು ಆ ಹೆಣ್ಣು ಧ್ವನಿ, "ಸೇವೆಯ ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ" ಎಂದಿತು.

ಫೋನನ್ನು ಆಫ್ ಮಾಡಿ ಜಗುಲಿಯ ಮೇಲೆ ಎಸೆದೆ. ಒಂದು ಸಾಕ್ಷಿಯನ್ನು ನಾಶ ಮಾಡಲು ಹೋಗಿ ಇನ್ನೊಂದನ್ನು ನನ್ನ ಸ್ವಂತ ಕಂಠದಲ್ಲಿ ಸೃಷ್ಟಿಸಿ ಕೊಟ್ಟಿದ್ದೆ.

"ಹಾಗಾದ್ರೆ ಒಂದೇ ದಾರಿ" ಎಂದ ಕಲ್ಲೇಶ. ಒಳಗಿನಿಂದ ಹಳೇ ಸ್ಪೀಕರು ತಂದು, ಹಿಂದಿನ ಅಯಸ್ಕಾಂತವನ್ನು ಬಿಚ್ಚಿಕೊಟ್ಟ. ಎರಡು ಅಂಗುಲ ದಪ್ಪ, ಅಂಗೈ ಅಗಲ. "ಇದನ್ನ ಆ ಫ್ಲಾಪಿ ಮೇಲೆ ಎರಡು ಸಲ ಆಡಿಸು. ಒಳಗಿರೋದೆಲ್ಲಾ ತೊಳ್ದು ಹೋಗುತ್ತೆ. ಯಾರಿಗೂ ಗೊತ್ತಾಗಲ್ಲ."

ಮರುದಿನ ಅಯಸ್ಕಾಂತವನ್ನು ಕೈಚೀಲದಲ್ಲಿಟ್ಟುಕೊಂಡು, ಅಂಗಡಿಯ ಆಧಾರ್ ಯಂತ್ರದ ರಿಪೇರಿ ಎಂದು ಮನೆಯಲ್ಲಿ ಹೇಳಿ, ಕಡೂರಿನ ಬಸ್ಸು ಹತ್ತಿದೆ. ಚೀಲ ಸೀಟಿನ ಕಂಬಿಗೆ ಹೋಗಿ ಪಟ್ಟನೆ ಅಂಟಿಕೊಂಡಿತು. ಬೀರೂರಿನವರೆಗೆ ಎಳೆದೆ, ಬರಲಿಲ್ಲ. ಕಂಡಕ್ಟರು ಬಂದು, "ಏನ್ರೀ ಅದ್ರೊಳಗೆ?" ಎಂದು ಕೇಳಿದ. ಬಾಂಬು ಎಂದಿದ್ದರೂ ನನ್ನ ಮುಖಕ್ಕೆ ಅದು ಒಪ್ಪುತ್ತಿತ್ತು. "ದೇವರ ಸಾಮಾನು" ಎಂದೆ. ಪಾಪ, ಅವನೇ ಕಾಲು ಕೊಟ್ಟು ಕಿತ್ತುಕೊಟ್ಟು, ಕಣ್ಣಿಗೊತ್ತಿಕೊಂಡ.

ಕಾಲೇಜಿನಲ್ಲಿ ಪ್ರಸನ್ನಕುಮಾರ್ ನನ್ನನ್ನು ಕಂಡು ಕುರ್ಚಿಯಿಂದ ಎದ್ದ. ಫ್ಲಾಪಿಗಳು ಕಬ್ಬಿಣದ ಕಪಾಟಿನೊಳಗೆ ಬೀಗದಲ್ಲಿದ್ದವು. ನಾನು ಮಾತು ಹುಡುಕುತ್ತ ಕಪಾಟಿನ ಹತ್ತಿರ ಹೋದೆನೋ ಇಲ್ಲವೋ, ಚೀಲ ನನ್ನ ಕೈಯಿಂದ ಕಿತ್ತುಕೊಂಡು ಹಾರಿ ಬಾಗಿಲಿಗೆ ಧಡ್ ಎಂದು ಬಡಿಯಿತು. ಪಕ್ಕದ ಕೋಣೆಯಿಂದ ಮೂವರು ಬಂದು ನೋಡಿದರು. ಪ್ರಸನ್ನಕುಮಾರ್ ಚೀಲದೊಳಗೆ ಇಣುಕಿ, ಮುಖ ಅರಳಿಸಿ, "ಹಳೇ ಸ್ಪೀಕರಿನ ಅಯಸ್ಕಾಂತ! ನಮ್ಮ ಸಂಗ್ರಹಕ್ಕೆ ಅಂತ ಅಲ್ಲಿಂದ ಹೊತ್ತು ತಂದ್ರಾ ಸರ್?" ಎಂದ. ಹೌದೆಂದೆ. ಇನ್ನೇನು ಅನ್ನಲಿ? ಅವನು ಅದನ್ನು ಫ್ಲಾಪಿಗಳಿಂದ ದೂರ ಇರಬೇಕೆಂದು ಇನ್ನೊಂದು ಕಟ್ಟಡಕ್ಕೆ ಕಳುಹಿಸಿ, ದಾನಿಗಳ ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡ.

ಕೊನೆಗೆ ಧೈರ್ಯ ಮಾಡಿ ಶುರು ಮಾಡಿದೆ. "ಪ್ರಸನ್ನಕುಮಾರ್, ಆ ಸಾಲಾವಳಿ ವಿಷಯ. ಪರದೆ ಮೇಲೆ ಏನಾದ್ರೂ ಬೇರೆ ಕಂಡ್ರೆ..."

"ಅದೇ ಹೇಳೋಣ ಅಂತಿದ್ದೆ ಸರ್. ನಾನೊಬ್ನೇ ತೆರೆಯೋದು ಬೇಡ ಅಂತ ಮೇಡಂ ಬೆಳಿಗ್ಗೆ ಫೋನ್ ಮಾಡಿದ್ರು. ಭಾನುವಾರ ಇಬ್ರೂ ಬರ್ತೀರಂತೆ. ಪರದೆ ಮೇಲೆ ಬಂದದ್ದನ್ನ ಹಾಗೇ ವಿಡಿಯೋ ಮಾಡಿ ಅಜ್ಜಂಪುರಕ್ಕೆ ಅವರ ತಂದೆಗೆ ಕಳಿಸ್ಬೇಕಂತೆ. ಎಂಬತ್ತಾರು ವರ್ಷ ಆದ್ರೂ ಆ ದಿನ ಅವರಿಗೆ ಚೆನ್ನಾಗಿ ನೆನಪಿದೆಯಂತಲ್ಲ."

ನಾನು ಅಲ್ಲೇ ನೀರು ಕೇಳಿ ಕುಡಿದೆ.

ಭಾನುವಾರದವರೆಗಿನ ನಾಲ್ಕು ದಿನ ನಾನು ಅನುಭವಿಸಿದ ಭಯ ಯಾವ ಶತ್ರುವಿಗೂ ಬೇಡ. ಫೋನ್ ಹೊಡೆದರೆ ಎದೆ ಹೊಡೆಯುತ್ತಿತ್ತು. ಕೋಮಲಾ ಸಾರಿಗೆ ಒಗ್ಗರಣೆ ಹಾಕಿದರೆ ಬೆಚ್ಚಿ ಬೀಳುತ್ತಿದ್ದೆ. ಅವಳಾದರೋ ಗೋಡೆಯ ಕಟ್ಟನ್ನು ಇಳಿಸಿ, ಗಾಜು ಒರೆಸಿ, ಹೊಸ ಪ್ರಿಂಟಿಗೆ ಜಾಗ ಮಾಡಿ ಇಟ್ಟಿದ್ದಳು. ಅಕ್ಕಂದಿರಿಗೆಲ್ಲ ಫೋನಾಗಿತ್ತು. ಅವಳ ಆ ಸಂಭ್ರಮ ನೋಡಿದಾಗ ಮಾತ್ರ ನನಗೆ ಭಯದ ಜೊತೆಗೆ ನಾಚಿಕೆಯೂ ಆಗುತ್ತಿತ್ತು. ಈ ಹೆಂಗಸು ಒಂದು ಅಂಕಿಯನ್ನು ನಂಬಿ ನನ್ನಂಥವನ ಜೊತೆ ಇಷ್ಟು ವರ್ಷ ಬದುಕಿದ್ದಾಳೆ. ಆ ಅಂಕಿ ಹೋದರೆ ಅವಳ ಹತ್ತಿರ ಉಳಿಯುವುದು ನಾನು ಮಾತ್ರ. ಅದು ಯಾರಿಗೆ ಸಾಕಾಗುತ್ತದೆ?

ಭಾನುವಾರ ಅವಳು ಮದುವೆ ಮನೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟು ಹೊರಟಳು. ನಾನು ಹಿಂದೆ ಹೊರಟೆ. ಕಾಲೇಜು ಖಾಲಿಯಾಗಿತ್ತು. ಪ್ರಸನ್ನಕುಮಾರ್ ನಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಮೊದಲು ಮಷೀನ್ ಬೆಚ್ಚಗಾಗ್ಲಿ. ಒಂದ್ಸಲ ಓದ್ಸಿ ನೋಡಿ ಕರೀತೀನಿ" ಎಂದು ಫ್ಲಾಪಿ ಹಿಡಿದು ಒಳಗೆ ಹೋದ. ಬಾಗಿಲು ಅರ್ಧ ತೆರೆದಿತ್ತು.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರ್ರ್, ಕಟಕ್, ಕರ್ರ್, ಕಟಕ್ ಎಂದು ಸದ್ದು ಬಂತು. ಮೂವತ್ತು ವರ್ಷದ ಮೇಲೆ ಕೇಳಿದರೂ ನನಗೆ ಗುರುತು ಸಿಕ್ಕಿತು. ಫ್ಲಾಪಿ ಓದುವ ಸದ್ದು. ತರೀಕೆರೆಯಲ್ಲಿ ಈ ಸದ್ದನ್ನು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಕ್ಷರ ಅಕ್ಷರವಾಗಿ ಓದುತ್ತಿದೆ, ಇನ್ನೇನು ಕೊನೆಯ ಸಾಲಿಗೆ ಬರುತ್ತದೆ, ಇನ್ನೇನು ಆ ಬಾಗಿಲು ತೆರೆಯುತ್ತದೆ.

"ಕೋಮಲಾ" ಎಂದೆ. "ಪರದೆಯಿಂದ ಗೊತ್ತಾಗೋಕ್ಕಿಂತ ನನ್ನ ಬಾಯಿಂದ ಗೊತ್ತಾಗ್ಲಿ. ಅದು ಮೂವತ್ಮೂರು ಅಲ್ಲ."

"ಏನು?"

"ನಿಮ್ಮಪ್ಪ ಎದುರಿಗೆ ಕೂತಿದ್ರು. ಬಂದ ಅಂಕಿ ಹೇಳಿದ್ರೆ ಎದ್ದು ಹೋಗ್ಬಿಡೋರು. ನಂಗೆ ನೀನೇ ಬೇಕಾಗಿತ್ತು. ಅದಕ್ಕೆ ನಾನೇ ಮೂವತ್ಮೂರು ಅಂತ ಹೊಡ್ದು ಕೊಟ್ಟೆ."

ಅವಳು ನನ್ನನ್ನೇ ನೋಡಿದಳು. ಒಳಗೆ ಕರ್ರ್, ಕಟಕ್.

"ಬಂದಿದ್ದು ಎಷ್ಟು?"

"ಒಂಬತ್ತು."

ಅವಳು ಸೆರಗನ್ನು ಸರಿಮಾಡಿಕೊಂಡು ಎದುರಿನ ಗೋಡೆಯ ಕಡೆ ತಿರುಗಿದಳು. ಕೂಗಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಪ್ರಸನ್ನಕುಮಾರ್ ಹೊರಗೆ ಬಂದ. ಮುಖ ಸಣ್ಣದಾಗಿತ್ತು. "ಕ್ಷಮಿಸಿ ಸರ್. ಉಳಿದ ಐದೂ ಫ್ಲಾಪಿ ಚೆನ್ನಾಗಿ ಓದ್ತು. ಇದೊಂದು ಮಾತ್ರ ಆಗ್ತಾ ಇಲ್ಲ. ಆಗ್ಲಿಂದ ಬರೀ ಕೆರೀತಾ ಇದೆ, ಕೇಳ್ಸಿರ್ಬೇಕಲ್ಲ. ಇದರಲ್ಲಿ ಇನ್ನೇನೂ ಉಳಿದಿಲ್ಲ."

"ಏನೂ ಅಂದ್ರೆ?" ಎಂದೆ.

"ಒಂದಕ್ಷರನೂ ಇಲ್ಲ ಸರ್. ನೋಡಿ." ಅವನು ಫ್ಲಾಪಿಯನ್ನು ಚೀಲದಿಂದ ತೆಗೆದು ತೋರಿಸಿದ. ಫ್ಲಾಪಿಯ ಮಧ್ಯದಲ್ಲಿ, ಒಳಗಿನ ಕಂದು ತಟ್ಟೆ ಕಾಣುವ ಹಾಗೆ ಒಂದು ಉದ್ದನೆಯ ಕಿಂಡಿ ಇರುತ್ತದೆ. ಕಂಪ್ಯೂಟರು ಓದುವುದು ಅಲ್ಲಿಂದಲೇ. ಅಲ್ಲಿಗೆ ಬೆರಳು ತಾಗಿಸಬಾರದೆಂದು ಶಿವಮೊಗ್ಗದಲ್ಲಿ ಮೊದಲನೇ ದಿನ ಹೇಳಿಕೊಟ್ಟಿದ್ದರು. ಆ ಕಿಂಡಿಯ ಮೇಲೆ ಸ್ಪಷ್ಟವಾಗಿ, ದಪ್ಪವಾಗಿ, ವರ್ಷ ವರ್ಷದ ಪದರ ಕಟ್ಟಿಕೊಂಡ ಮೂರು ಬೆರಳಿನ ವಿಭೂತಿ ಇತ್ತು.

"ಆಯುಧಪೂಜೆ ದಿನ ನೀವು ಅಂಗಡಿ ಪೂಜೆಗೆ ಹೋಗ್ತಿದ್ರಲ್ಲ" ಎಂದಳು ಕೋಮಲಾ, ಗೋಡೆಯನ್ನೇ ನೋಡುತ್ತ. "ನಾನು ಇದಕ್ಕೆ ಮನೇಲೇ ವಿಭೂತಿ ಹಚ್ಚಿ ಪೂಜೆ ಮಾಡ್ತಿದ್ದೆ. ಚೀಲದಿಂದ ತೆಗೆದ್ರೆ ಕಾಣೋದು ಅದೊಂದೇ ಜಾಗ. ಅದೇ ಹಣೆ ಇರ್ಬೇಕು ಅಂದ್ಕೊಂಡಿದ್ದೆ."

ಅಂದರೆ, ಓದುಗರೇ, ನನ್ನ ಒಂಬತ್ತನ್ನು ನನ್ನ ಹೆಂಡತಿಯೇ ಮೊದಲ ಆಯುಧಪೂಜೆಯ ದಿನವೇ ಭಸ್ಮ ಮಾಡಿ ಮುಗಿಸಿದ್ದಳು. ಮೂವತ್ತು ವರ್ಷದಿಂದ ನಾನು ಹೆದರಿದ್ದು ಏನೂ ಇಲ್ಲದ ಒಂದು ಚೌಕಕ್ಕೆ. ಇನ್ನು ಎರಡು ನಿಮಿಷ, ಕೇವಲ ಎರಡು ನಿಮಿಷ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮೂವತ್ತಮೂರೇ ಶಾಶ್ವತವಾಗಿ ಉಳಿಯುತ್ತಿತ್ತು. ಆ ಬೆಂಚಿಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅದೂ ಕಾಲೇಜಿನ ಬೆಂಚು, ಬಿಟ್ಟೆ.

"ಬೇಜಾರ್ ಮಾಡ್ಕೋಬೇಡಿ ಮೇಡಂ" ಎಂದ ಪ್ರಸನ್ನಕುಮಾರ್. "ಅಂಕಿ ಹೇಗೂ ನಿಮಗೆ ಗೊತ್ತೇ ಇದೆಯಲ್ಲ."

"ಗೊತ್ತಿದೆ" ಎಂದಳು ಕೋಮಲಾ.

ತರೀಕೆರೆಯ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ನಾನು ಸೀಟಿನ ಅಂಚಿನಲ್ಲಿ, ಅರ್ಧ ಗಾಳಿಯಲ್ಲಿ ಕೂತೆ. ಕಡೂರು ದಾಟುವವರೆಗೆ ಉಸಿರು ಹಿಡಿದಿದ್ದು, ಕೊನೆಗೆ ತಡೆಯಲಾರದೆ ಕೇಳಿದೆ: "ಸಿಟ್ಟು ಬಂತಾ?"

"ಇಲ್ಲ ಕಣ್ರೀ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಮುಖ ನಿಜವಾಗಿ ಶಾಂತವಾಗಿತ್ತು. "ಸಮಾಧಾನ ಆಯ್ತು. ನೀವು ನನ್ನನ್ನ ಹಬ್ಬಕ್ಕೆ ಅಂತ ತವರಲ್ಲಿ ಬಿಟ್ಟು ಕರ್ಕೊಂಡು ಬರೋದು ಮರ್ತಾಗ, ಮಾಡಿದ ಅಡಿಗೆನ ಒಂದಿನಕ್ಕೂ ಚೆನ್ನಾಗಿದೆ ಅನ್ನದೆ ಇದ್ದಾಗ, ನಾನು ಮಾತಾಡ್ತಿದ್ರೆ ನೀವು ಪೇಪರ್ ಓದ್ತಾ ಕೂತಾಗ, ನಂಗೆ ಅಳು ಬರೋದು. ಮೂವತ್ಮೂರು ಗುಣ ಕೂಡಿದೆ, ಮಷೀನ್ ಹೇಳಿದ್ದು ಸುಳ್ಳಾಗಲ್ಲ, ಹಾಗಾದ್ರೆ ತಪ್ಪು ನನ್ನಲ್ಲೇ ಇರ್ಬೇಕು, ನಾನೇ ಸರಿಯಾಗಿ ಹೊಂದ್ಕೊಂಡಿಲ್ಲ ಅಂದ್ಕೊಂಡು ನುಂಗ್ಕೊಳ್ಳೋಳು. ಇಷ್ಟು ವರ್ಷ ಹಾಗೇ ಅಂದ್ಕೊಂಡಿದ್ದೆ. ಇವತ್ತು ನನ್ನ ತಪ್ಪಲ್ಲ ಅಂತ ಗೊತ್ತಾಯ್ತು."

ನನ್ನ ಕಣ್ಣು ಮಂಜಾಯಿತು. "ಒಂಬತ್ತೇ ಇದ್ರೂ ಇಷ್ಟು ಚೆನ್ನಾಗಿ ಬಾಳಿದ್ದೀವಲ್ಲ ಕೋಮಲಾ" ಎಂದೆ. ಅವಳು ತಲೆಯಾಡಿಸಿದಳು. ನನ್ನ ಎದೆಯ ಮೇಲಿನ ಮೂವತ್ತು ವರ್ಷದ ಭಾರ ಇಳಿಯಿತು. ಸೀಟಿನಲ್ಲಿ ಪೂರ್ತಿ ಹಿಂದೆ ಸರಿದು, ಕಾಲು ಚಾಚಿ ಆರಾಮವಾಗಿ ಕೂತೆ. ಬೀರೂರು ಬಂತು, ಬಸ್ಸು ನಿಂತಿತು.

"ಬಾಳಿದ್ದೀವಿ, ಇಲ್ಲ ಅನ್ನಲ್ಲ" ಎಂದಳು ಕೋಮಲಾ, ಕಣ್ಣೊರೆಸಿಕೊಂಡು ನನ್ನ ಕಡೆಗೆ ಪೂರ್ತಿ ತಿರುಗುತ್ತ. "ಆದ್ರೆ ಇಷ್ಟು ದಿನ ನಾನು ಕೂಡದೆ ಇರೋ ಮೂರಕ್ಕೆ ಮಾತ್ರ ಜಗಳ ಆಡ್ತಿದ್ದೆ. ಇನ್ನು ಇಪ್ಪತ್ತೇಳಕ್ಕೆ ಆಡ್ಬೇಕು."

ಬಸ್ಸು ಬೀರೂರಿನಲ್ಲಿ ಹತ್ತು ನಿಮಿಷ ನಿಂತಿತ್ತು. ಅದು ಹೊರಡುವಷ್ಟರಲ್ಲಿ ಇಪ್ಪತ್ತೇಳರಲ್ಲಿ ನಾಲ್ಕು ಮುಗಿದಿದ್ದವು.